ನೀರು ಉಳಿಸಿದವರು ಇವರು

ಕಳೆದ ವಾರ ನೀರಿನ ನಿರ್ಬಂಧ ತೆಗೆದರು. ಜಲಾಶಯಕ್ಕೆ ಸಾಕಷ್ಟು ನೀರು ಬಂದಿದೆ, ಇನ್ನು ಗಿಡಗಳಿಗೆ ಪೈಪ್ ಹಿಡಿಯಬಹುದು, ಗಾಡಿ ತೊಳೆಯಬಹುದು ಅಂತ ಪ್ರಕಟಣೆ ಹೊರಟಿತು. ಅದರ ಬೆನ್ನಿಗೇ ನನಗೆ ಅಭಿನಂದನೆಯ ಮೆಸೇಜುಗಳು ಬರತೊಡಗಿದವು. ಖುಷಿ ಆಯಿತು, ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅವು ಬಂದು ಸೇರಿದ್ದು ತಪ್ಪು ವಿಳಾಸಕ್ಕೆ ಅನ್ನಿಸಿತು.

ಸಾರ್ವಜನಿಕ ನೀರು ಸರಬರಾಜು ಸಂಸ್ಥೆಯಲ್ಲಿ ನಾನು ನೀರು ಉಳಿತಾಯದ ತಜ್ಞೆ. ಹುದ್ದೆಯ ಹೆಸರು ದೊಡ್ಡದು. ಕೆಲಸ ಏನಪ್ಪಾ ಅಂದರೆ, ನಲ್ಲಿಗೆ ಬರುವ ಮೊದಲೇ ಎಷ್ಟು ನೀರು ಕಳೆದುಹೋಗುತ್ತಿದೆ, ನಲ್ಲಿಗೆ ಬಂದ ಮೇಲೆ ಎಷ್ಟು ದಂಡವಾಗುತ್ತಿದೆ ಅಂತ ಹುಡುಕುವುದು. ಎರಡನ್ನೂ ಇಳಿಸುವ ದಾರಿ ನೋಡುವುದು. ಹುಡುಕಿದ್ದರಲ್ಲಿ ನನ್ನ ಪಾಲಿದೆ. ಇಳಿಸಿದವರು ಬಹುಮಟ್ಟಿಗೆ ಬೇರೆಯವರು. ತಮ್ಮ ಹೆಸರು ಹಾಕಬೇಡಿ ಅಂತ ಅವರಲ್ಲಿ ಕೆಲವರು ಮೊದಲೇ ಹೇಳಿಬಿಟ್ಟಿದ್ದಾರೆ. ಅದಕ್ಕೆ ಅವರವರ ಕೆಲಸ ಹೇಳಿಯೇ ಥ್ಯಾಂಕ್ಸ್ ಹೇಳುತ್ತೇನೆ.

ಮೊದಲು ರಾತ್ರಿ ಪಾಳಿಯ ಸೋರಿಕೆ ತಂಡಕ್ಕೆ.

ರಾತ್ರಿ ಎರಡರಿಂದ ನಾಲ್ಕರವರೆಗೆ ಜನ ಮಲಗಿರುತ್ತಾರೆ. ದಿನವಿಡೀ ನೀರು ಬರುವ ಬಡಾವಣೆಯಾದರೆ, ಆ ಹೊತ್ತಿನಲ್ಲಿ ಅಲ್ಲಿಗೆ ಹೋಗುವ ಮುಖ್ಯ ಪೈಪಿನ ಹರಿವು ತೀರಾ ಕಡಿಮೆ ಇರಬೇಕು. ಯಾರೋ ಬಚ್ಚಲಿಗೆ ಎದ್ದಿರಬಹುದು, ಎಲ್ಲೋ ಒಂದು ಆಸ್ಪತ್ರೆ ಇರಬಹುದು. ಅದನ್ನೆಲ್ಲ ಕಳೆದ ಮೇಲೂ ಮೀಟರ್ ಜೋರಾಗಿ ಓಡುತ್ತಿದೆ ಅಂದರೆ ನೀರು ಸೋರಿ ಹೋಗುತ್ತಿರುವ ಅನುಮಾನ ಗಟ್ಟಿಯಾಗುತ್ತದೆ. ಕಂಪ್ಯೂಟರಿನ ಮುಂದೆ ಕೂತ ನಾನು ಹೇಳಬಲ್ಲದ್ದು ಅಷ್ಟೇ: ಈ ವಲಯದಲ್ಲಿ ಎಲ್ಲೋ ಇದೆ. ಆ "ಎಲ್ಲೋ" ಅನ್ನುವುದು ಕಿಲೋಮೀಟರುಗಟ್ಟಲೆ ಪೈಪು. ಅದನ್ನು ಒಂದು ಗುಂಡಿಯಷ್ಟು ಜಾಗಕ್ಕೆ ಇಳಿಸುವವರು ಇವರು.

ಅವರ ಕೈಯಲ್ಲಿ ಒಂದು ಉಕ್ಕಿನ ಕೋಲು ಇರುತ್ತದೆ. ಒಂದು ತುದಿ ವಾಲ್ವಿನ ಮೇಲೆ, ಇನ್ನೊಂದು ತುದಿ ಕಿವಿಗೆ. ಬಿರುಕಿನಿಂದ ನುಗ್ಗುವ ನೀರು ಪೈಪನ್ನು ನಡುಗಿಸುತ್ತದೆ. ಲೋಹದ ಪೈಪಿನಲ್ಲಿ ಆ ಸದ್ದು ದೂರದವರೆಗೆ ಬರುತ್ತದೆ, ಪ್ಲಾಸ್ಟಿಕ್ ಪೈಪಿನಲ್ಲಿ ಬೇಗ ಸತ್ತುಹೋಗುತ್ತದೆ. ಎರಡು ಕಡೆ ಸೆನ್ಸರ್ ಇಟ್ಟು, ಸದ್ದು ಯಾವುದಕ್ಕೆ ಎಷ್ಟು ಮೊದಲು ತಲುಪಿತು ಅಂತ ಲೆಕ್ಕ ಹಾಕಿ ಜಾಗ ತೋರಿಸುವ ಕೋರಿಲೇಟರ್ ಯಂತ್ರವೂ ಇದೆ. ಆದರೂ ಅಗೆಯುವ ಮುಂಚೆ ಒಮ್ಮೆ ಕೋಲಿಟ್ಟು ಕೇಳದಿದ್ದರೆ ತಂಡದ ಹಿರಿಯರಿಗೆ ಸಮಾಧಾನವಿಲ್ಲ. ಒಂದು ರಾತ್ರಿ ಅವರು ನನ್ನ ಕೈಗೂ ಕೋಲು ಕೊಟ್ಟರು. ನನಗೆ ಕೇಳಿಸಿದ್ದು ಬರೀ ಗುಂಯ್ ಅನ್ನುವ ಸದ್ದು. ಅವರು ಕಣ್ಣು ಮುಚ್ಚಿಕೊಂಡೇ ಬಿಡಿಸಿ ಹೇಳಿದರು: "ಈ ಗುಂಯ್ ಅನ್ನೋದು ಆ ಟ್ರಾನ್ಸ್‌ಫಾರ್ಮರ್ ಮೇಡಂ. ಅದರ ಮೇಲೆ ಸುಯ್ ಅಂತಿದೆಯಲ್ಲ, ಅದು ಯಾರೋ ನಲ್ಲಿ ಬಿಟ್ಟಿದ್ದಾರೆ. ಸ್ವಲ್ಪ ತಡೀರಿ." ತಡೆದೆವು. ಸುಯ್ ನಿಂತಿತು. ಅದರ ಅಡಿಯಲ್ಲಿ ಇನ್ನೊಂದು ಸಣ್ಣ ಸದ್ದು ಉಳಿದುಕೊಂಡಿತು, ಏರದೆ ಇಳಿಯದೆ. "ಇದು ನಮ್ಮದು," ಅಂದರು. ಅಗೆದಾಗ ಬಿರುಕು ಅಲ್ಲೇ ಇತ್ತು.

ಇದು ಯಾಕೆ ಇಷ್ಟು ಮುಖ್ಯ ಅಂತ ಕೇಳಬಹುದು. ರಸ್ತೆಯಲ್ಲಿ ಕಾರಂಜಿಯಂತೆ ಚಿಮ್ಮುವ ಪೈಪಿನ ಫೋಟೊ ಎಲ್ಲರಿಗೂ ಹೋಗುತ್ತದೆ. ಅದು ಸೆಕೆಂಡಿಗೆ 5 ಲೀಟರ್ ಚೆಲ್ಲುತ್ತಿದೆ ಅಂತಿಟ್ಟುಕೊಳ್ಳಿ. ಹತ್ತು ಜನ ಫೋನ್ ಮಾಡುತ್ತಾರೆ, 6 ಗಂಟೆಯಲ್ಲಿ ರಿಪೇರಿ ಆಗುತ್ತದೆ. ಹೋದದ್ದು 1,08,000 ಲೀಟರ್. ಇನ್ನೊಂದು ಕಡೆ ನೆಲದಡಿ ನಿಮಿಷಕ್ಕೆ 6 ಲೀಟರ್ ಸೋರುತ್ತಿದೆ. ಯಾರಿಗೂ ಕಾಣುವುದಿಲ್ಲ. 100 ದಿನ ಹಾಗೇ ಬಿಟ್ಟರೆ 8,64,000 ಲೀಟರ್! ಕಾರಂಜಿಯ ಎಂಟು ಪಟ್ಟು. ಇವರು ಹಿಡಿಯುವುದು ಈ ಎರಡನೆಯದನ್ನು. ಅದರ ಫೋಟೊ ಯಾರೂ ತೆಗೆಯುವುದಿಲ್ಲ. ರಿಪೇರಿ ಆದ ಮೇಲಂತೂ ತೆಗೆಯಲು ಏನೂ ಇರುವುದಿಲ್ಲ. ರಸ್ತೆ ಅಗೆದರು ಅಂತ ಬೈಗುಳ ಮಾತ್ರ ಬೆಳಗ್ಗೆ ಸರಿಯಾದ ಹೊತ್ತಿಗೆ ಬರುತ್ತದೆ.

ಇನ್ನು, ಎತ್ತರದ ಮನೆಯ ಆ ಹಿರಿಯರಿಗೆ.

ಬೇಸಿಗೆಯ ನಡುವೆ ನಾವು ರಾತ್ರಿ ಹೊತ್ತು ಪ್ರೆಶರ್ ಇಳಿಸತೊಡಗಿದೆವು. ಜನ ಬಳಸದಿರುವಾಗ ಪೈಪಿನಲ್ಲಿ ಒತ್ತಡ ಏರುತ್ತದೆ, ಒತ್ತಡ ಏರಿದಷ್ಟೂ ಸೋರಿಕೆ ಜಾಸ್ತಿ. ಗಟ್ಟಿ ಪೈಪಿನ ತೂತು ಇದ್ದಷ್ಟೇ ಇರುತ್ತದೆ. ಅಲ್ಲಿ ಒತ್ತಡ ಅರ್ಧ ಮಾಡಿದರೆ ಸೋರಿಕೆ ಸುಮಾರು 30 ಪರ್ಸೆಂಟ್ ಇಳಿಯುತ್ತದೆ. ಪ್ಲಾಸ್ಟಿಕ್ ಪೈಪಿನ ಸೀಳು ಹಾಗಲ್ಲ, ಒತ್ತಡಕ್ಕೆ ಬಾಯಿ ಬಿಟ್ಟುಕೊಳ್ಳುತ್ತದೆ. ಅಲ್ಲಿ ಒತ್ತಡ ಇಳಿಸಿದರೆ ಲಾಭ ಇನ್ನೂ ದೊಡ್ಡದು. ಒಂದು ಕಡೆಯೂ ಅಗೆಯದೆ, ವಾಲ್ವ್ ತಿರುಗಿಸಿಯೇ ಇಷ್ಟು ಉಳಿತಾಯ. ಆದರೆ ಪ್ರತಿ 10 ಮೀಟರ್ ಎತ್ತರಕ್ಕೆ ಸುಮಾರು 1 ಬಾರ್ ಒತ್ತಡ ಕಡಿಮೆ ಆಗುತ್ತದೆ. ತಗ್ಗಿನ ಮನೆಗೆ ಏನೂ ಗೊತ್ತಾಗುವುದಿಲ್ಲ, ದಿಬ್ಬದ ಮೇಲಿನ ಮನೆಯ ನಲ್ಲಿ ನೂಲಿನಂತಾಗುತ್ತದೆ.

ಈ ಹಿರಿಯರ ಮನೆ ಇದ್ದದ್ದು ಸರಿಯಾಗಿ ದಿಬ್ಬದ ತುದಿಯಲ್ಲಿ. ಮೊದಲ ಫೋನಿನಲ್ಲಿ ಚೆನ್ನಾಗಿ ಬೈದರು. ಎರಡನೇ ಫೋನಿನಲ್ಲಿ, "ಬಕೆಟ್ ತುಂಬೋಕೆ ಎಷ್ಟು ಹೊತ್ತು ಹಿಡೀತು ಅಂತ ಗಡಿಯಾರ ಇಟ್ಟು ನೋಡಿದ್ದೇನೆ ಕಣಮ್ಮ, ಬರ್ಕೋ," ಅಂದರು. ನಾನು ಪೆನ್ನು ಕೆಳಗಿಡಲೇ ಇಲ್ಲ. ಅವರ ಒಪ್ಪಿಗೆ ಪಡೆದು ಅಂಗಳದ ನಲ್ಲಿಗೆ ಪ್ರೆಶರ್ ದಾಖಲಿಸುವ ಪುಟ್ಟ ಲಾಗರ್ ಹಾಕಿದೆವು. ಅವರ ನಲ್ಲಿಯಲ್ಲಿ ಇಂತಿಷ್ಟು ಒತ್ತಡಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದೇ ಇಡೀ ವಲಯಕ್ಕೆ ನಿಯಮ ಆಯಿತು. ಲಾಗರ್ ಬಂದ ಮೇಲೂ ಅವರ ಬಕೆಟ್ ಲೆಕ್ಕ ನಿಲ್ಲಲಿಲ್ಲ, ಎರಡೂ ಹೊಂದುತ್ತಿದ್ದವು. ಮೊನ್ನೆ ಪ್ರೆಶರ್ ಮತ್ತೆ ಏರಿಸಿದ ಮೇಲೆ ಫೋನ್ ಬಂತು. ಈಗ ನಲ್ಲಿ ಜೋರಾಗಿ ಎರಚುತ್ತದಂತೆ, ಸ್ವಲ್ಪ ಇಳಿಸಬೇಕಂತೆ. ಹಿರಿಯರೇ, ನೀವು ಬೈದದ್ದಕ್ಕೆ ಮತ್ತು ಬೈದ ಮೇಲೂ ನಮ್ಮ ಜೊತೆ ನಿಂತದ್ದಕ್ಕೆ ವಂದನೆ.

ಮೀಟರ್ ರೀಡರ್‌ಗಳಿಗೂ ಒಂದು ಮಾತು. 2000ದಲ್ಲಿ ಇಂಟರ್‌ನ್ಯಾಷನಲ್ ವಾಟರ್ ಅಸೋಸಿಯೇಷನ್ ನೀರಿನ ಜಮಾಖರ್ಚಿಗೆ ಒಂದು ಪಟ್ಟಿ ಕೊಟ್ಟಿತು. ನಾವೂ ಅದನ್ನೇ ಬಳಸುತ್ತೇವೆ. ಲೆಕ್ಕಕ್ಕೆ ಸಿಗದ ನೀರೆಲ್ಲ ನೆಲಕ್ಕೆ ಹೋಗಿಲ್ಲ, ಸ್ವಲ್ಪ ನೀರು ಕುಡಿದವರ ಹೊಟ್ಟೆಗೇ ಹೋಗಿದೆ, ಪುಸ್ತಕಕ್ಕೆ ಬಂದಿಲ್ಲ ಅಷ್ಟೇ ಅನ್ನುವುದನ್ನು ಅದು ಬೇರೆ ಮಾಡಿ ತೋರಿಸುತ್ತದೆ. ಹಳೇ ಮೀಟರ್ ಸವೆದು ನಿಧಾನವಾಗಿ ಓಡುವುದು, ಕಳ್ಳ ಸಂಪರ್ಕ, ಬರೆಯುವಾಗ ಅಂಕಿ ಅದಲುಬದಲಾಗುವುದು, ಎಲ್ಲ ಅದರಲ್ಲಿ ಬರುತ್ತದೆ. ಆದರೆ ಪಟ್ಟಿ ತಾನಾಗಿ ತುಂಬುವುದಿಲ್ಲ. "ಮನೆಗೆ ಬೀಗ ಇದೆ, ಮೀಟರ್ ತಿರುಗುತ್ತಿದೆ" ಅಂತ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಗೀಚುವವರು ನೀವು. ಅಂಥ ಒಂದು ಸಾಲು ನನಗೆ ಹತ್ತು ಗ್ರಾಫಿಗಿಂತ ಹೆಚ್ಚು. ನಾಯಿ ಕಾಟ, ಮುಚ್ಚಳ ಏಳದ ಮೀಟರ್ ಗುಂಡಿ, ಅದರೊಳಗಿನ ಜಿರಳೆ, ಇವಕ್ಕೆಲ್ಲ ನನ್ನ ಪಟ್ಟಿಯಲ್ಲಿ ಕಾಲಂ ಇಲ್ಲ. ಇರಬೇಕಿತ್ತು.

ಪ್ಲಂಬರುಗಳು ನಮ್ಮ ಸಂಸ್ಥೆಯವರಲ್ಲ, ಆದರೂ ಅವರನ್ನು ಬಿಟ್ಟರೆ ತಪ್ಪಾಗುತ್ತದೆ. ನೀರು ಕಡಿಮೆ ಬಿಡುವ ನಲ್ಲಿಮೂತಿಗಳನ್ನು ಹಂಚುವ ಯೋಜನೆ ಮೇಜಿನ ಮೇಲೆ ಬಲು ಚೆಂದ ಕಾಣುತ್ತಿತ್ತು. ಒಬ್ಬ ಪ್ಲಂಬರ್ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಗಡಸು ನೀರು ಮೇಡಂ, ಜಾಲರಿ ಕಟ್ಟಿಕೊಳ್ಳುತ್ತೆ. ಜನ ಕಿತ್ತು ಬಿಸಾಕ್ತಾರೆ," ಅಂದರು. ಸುಲಭವಾಗಿ ಬಿಚ್ಚಿ ತೊಳೆಯಬಹುದಾದ ಮಾದರಿಯನ್ನು ತೋರಿಸಿದ್ದೂ ಅವರೇ. ಹಂಚಿದ್ದು ಅದನ್ನು.

ಲೆಕ್ಕಪತ್ರ ವಿಭಾಗದವರಿಗೆ ನಾನು ಥ್ಯಾಂಕ್ಸ್ ಹೇಳುತ್ತಿದ್ದೇನೆ ಅಂದರೆ ಆಫೀಸಿನಲ್ಲಿ ಕೆಲವರು ನಗಬಹುದು. ನಮ್ಮ ಜಗಳ ಎಲ್ಲರಿಗೂ ಗೊತ್ತು. ಅವರ ಪ್ರಶ್ನೆ ಸರಳ: ಜನ ನೀರು ಕಡಿಮೆ ಬಳಸಿದರೆ ಬಿಲ್ ಇಳಿಯುತ್ತದೆ, ಆದರೆ ಪೈಪು, ಸಂಬಳದ ಖರ್ಚು ಇಳಿಯುತ್ತದಾ? ಇಳಿಯುವುದಿಲ್ಲ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ 2018ರ ಬರದಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದರು. ಜನ ಬಳಕೆ ಇಳಿಸಿದರು, ನಲ್ಲಿ ಬಂದ್ ಆಗುವ ದಿನ ಬರಲೇ ಇಲ್ಲ. ಆದರೆ ನೀರಿನ ಆದಾಯವೂ ಕುಸಿಯಿತು. ಕೊನೆಗೆ ಸಂಪರ್ಕದ ಗಾತ್ರ ನೋಡಿ ಸ್ಥಿರ ಶುಲ್ಕ ಹಾಕಬೇಕಾಯಿತು, ಉಳಿಸಿದವರಿಗೇ ದಂಡವಾ ಅಂತ ಜನ ಸಿಟ್ಟಾದರು. ನಮ್ಮ ಲೆಕ್ಕಪತ್ರದವರು ಈ ಗಂಟನ್ನು ಬೇಸಿಗೆಗೆ ಮೊದಲೇ ನನ್ನ ಮುಂದಿಟ್ಟರು. ಅದಕ್ಕೇ ನಾವು ಜನರಿಗೆ ಕಡಿಮೆ ಬಳಸಿ ಅನ್ನುವ ಮುಂಚೆ ನಮ್ಮ ಪೈಪಿನ ಸೋರಿಕೆಗೆ ಕೈ ಹಾಕಿದೆವು. ಸೋರುವ ನೀರಿಗೆ ಯಾರೂ ಬಿಲ್ ಕಟ್ಟುತ್ತಿರಲಿಲ್ಲ, ಹಾಗಾಗಿ ಅದನ್ನು ನಿಲ್ಲಿಸಿದರೆ ಆದಾಯಕ್ಕೆ ಪೆಟ್ಟಿಲ್ಲ. ಶುದ್ಧೀಕರಣ ಮತ್ತು ಪಂಪಿಂಗ್ ಖರ್ಚೂ ಉಳಿಯುತ್ತದೆ. ಈ ಕ್ರಮ ಹೇಳಿಕೊಟ್ಟದ್ದು ಅವರ ಹಟ. ನನ್ನ ದೃಷ್ಟಿಯಲ್ಲಿ ಈ ಬೇಸಿಗೆಯ ಅತಿ ದೊಡ್ಡ ನಿರ್ಧಾರ ಇದೇ.

ಸಹಾಯವಾಣಿಯಲ್ಲಿ ಕೂತು ದಿನವಿಡೀ ಸಿಟ್ಟಿನ ಮಾತು ಕೇಳಿ, ಅದರೊಳಗಿನ ವಿಳಾಸ ಮತ್ತು ಹೊತ್ತನ್ನು ಮಾತ್ರ ಹೆಕ್ಕಿ ನನಗೆ ಕಳಿಸಿದವರಿಗೆ ಕೈಮುಗಿಯುತ್ತೇನೆ. ರಾತ್ರಿ ಫೋನ್ ಸದ್ದಿಗೆ ಎದ್ದು ಕೂತು, ಬೆಳಗ್ಗೆ ಏನೂ ಆಗದವರಂತೆ ಇದ್ದ ನನ್ನ ಮನೆಯವರಿಗೆ ಇಲ್ಲಿ ಜಾಸ್ತಿ ಬರೆದರೆ ಅವರಿಗೇ ಮುಜುಗರ. ಬಿಡಿ.

ಮತ್ತೆ ನೀವೆಲ್ಲ. ಮಕ್ಕಳಿಂದ ಹೇಳಿಸಿಕೊಂಡು, ಸೋರುತ್ತಿದೆಯಾ ಅಂತ ಫ್ಲಶ್ ಟ್ಯಾಂಕಿಗೆ ಬಣ್ಣ ಹಾಕಿ ನೋಡಿದವರು. ನಲ್ಲಿಗಳನ್ನೆಲ್ಲ ಮುಚ್ಚಿ, ಒಂದು ಗಂಟೆ ಬಿಟ್ಟು ಮೀಟರ್ ಓದಿ ಫೋನ್ ಮಾಡಿದವರು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿ ವರ್ಷಕ್ಕೆ ಸುಮಾರು 11,000 ಲೀಟರ್ ಕಳೆಯುತ್ತದೆ ಅಂದಾಗ ನಂಬದೆ, ಲೋಟ ಇಟ್ಟು ತಾವೇ ಅಳೆದು ನೋಡಿದವರು. ನಿಮ್ಮೆಲ್ಲರ ಮನೆ ನನಗೆ ಗೊತ್ತಿಲ್ಲ, ಬಳಕೆಯ ಗ್ರಾಫಿನಲ್ಲಿ ಮಾತ್ರ ನೀವು ಕಾಣುತ್ತಿದ್ದಿರಿ.

ಮಳೆ ಬಂತು ಅಂತ ಸಹಾಯವಾಣಿಗೆ ಸೋರಿಕೆಯ ಫೋನುಗಳು ಕಡಿಮೆ ಆಗಿವೆ. ಪೈಪುಗಳಿಗೆ ಮಳೆ ಬಂದದ್ದು ಗೊತ್ತಿಲ್ಲವಲ್ಲ! ನೆಲ ಒದ್ದೆ ಇರುವಾಗ ಸೋರಿಕೆ ಗುರುತಿಸುವುದು ಇನ್ನೂ ಕಷ್ಟ. ಮಳೆ ನಿಂತು ಸುತ್ತಲಿನ ನೆಲವೆಲ್ಲ ಒಣಗಿದ ಮೇಲೂ ಒಂದೇ ಜಾಗ ಒದ್ದೆ ಇದ್ದರೆ ದಯವಿಟ್ಟು ಹೇಳಿ. ಟ್ಯಾಂಕಿಗೆ ಇನ್ನೂ ಬಣ್ಣ ಹಾಕದವರು ಈ ಭಾನುವಾರ ಹಾಕಿ ನೋಡಿ. ಫ್ಲಶ್ ಮಾಡದೆ ಹದಿನೈದು ನಿಮಿಷ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಹೋಗಿದೆ, ಬದಲಾಯಿಸಿ. ರಾತ್ರಿ ತಂಡ ಸೋಮವಾರದಿಂದ ಹಳೇ ಪೈಪುಗಳ ವಲಯಕ್ಕೆ ಹೋಗುತ್ತಿದೆ. ನಿಮ್ಮ ಬೀದಿಯಲ್ಲಿ ಯಾರಾದರೂ ಕೋಲಿಗೆ ಕಿವಿ ಇಟ್ಟು ನಿಂತದ್ದು ಕಂಡರೆ, ಗಾಡಿಯ ಇಂಜಿನ್ ಒಂದು ನಿಮಿಷ ಆಫ್ ಮಾಡಿ.