ಹಣ್ಣಿನ ಡಬ್ಬಿ ಟ್ಯಾಂಕಿನ ಊರಿಂದ, ಮೇಷ್ಟ್ರಿಗೆ

ಲೋ ಮೇಷ್ಟ್ರೆ,

ಅವತ್ತು ಫೋನಲ್ಲಿ ಅಂದ್ಯಲ್ಲ, ನಿನ್ನ ಹುಡುಗ್ರು "ಸಾರ್, ಈ ಕಾಲೇಜಲ್ಲಿ ಓದಿ, ಅದೂ ಹಿಸ್ಟರಿ ಓದಿ ಏನ್ ಸಾರ್ ಉದ್ಧಾರ ಆಗೋದು" ಅಂತಾರೆ ಅಂತ, ಅವ್ರಿಗೆ ಹೇಳಕ್ಕೆ ನನ್ ಹತ್ರ ಒಬ್ರು ಅಜ್ಜಿ ಇದಾರೆ. ಹೆಸರು ಹಾಕಲ್ಲ, ಅವ್ರಿಗೆ ಅದೆಲ್ಲ ಆಗಲ್ಲ.

ನಾನಿರೋ ಸನ್ನಿವೇಲಲ್ಲಿ, ಅದೇ ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿ ಊರಲ್ಲಿ, ಒಂದು ನೀರಿನ ಟ್ಯಾಂಕ್ ಇದೆ ಕಣೋ, ಥೇಟ್ ಹಣ್ಣಿನ ಡಬ್ಬಿ ಥರ, ಲೇಬಲ್ ಸಮೇತ ಪೇಂಟ್ ಮಾಡಿದಾರೆ. ಆರು ವರ್ಷ ಅದ್ರ ಕೆಳಗೇ ಓಡಾಡಿದೀನಿ, ಯಾವ್ದೋ ಜಾಹೀರಾತು ಅಂದ್ಕೊಂಡು. ಮಗಳನ್ನ ಇಲ್ಲಿನ ಹೆರಿಟೇಜ್ ಮ್ಯೂಸಿಯಂಗೆ ಕರ್ಕೊಂಡು ಹೋದಾಗ ಅಲ್ಲಿ ಸಂಬಳ ಇಲ್ದೆ ಸೇವೆ ಮಾಡೋ ಈ ಅಜ್ಜಿ, 77 ವರ್ಷ, ಅದು ಲಿಬ್ಬಿ ಕಂಪನಿಯ ಕ್ಯಾನರಿದು, ಅಂದ್ರೆ ಹಣ್ಣು ಡಬ್ಬಿಗೆ ತುಂಬೋ ಕಾರ್ಖಾನೇದು, ಕಾಲೇಜಿಗೆ ಹೋಗ್ತಾ ಬೇಸಿಗೆ ರಜೇಲಿ ನಾನಲ್ಲೇ ಪೀಚ್ ಹಣ್ಣು ವಿಂಗಡಿಸ್ತಿದ್ದೆ ಅಂದ್ರು. ಈ ಕಣಿವೆ ತುಂಬ ಆಗ ತೋಟವಂತೆ. ಚಿಕ್ಕ ಹುಡುಗಿ ಆಗಿದ್ದಾಗ ಏಪ್ರಿಕಾಟ್ ಕುಯ್ದು, ಬೀಜ ತೆಗೆದು, ಹೋಳು ಮೇಲ್ಮುಖ ಮಾಡಿ ಮರದ ತಟ್ಟೇಲಿ ಜೋಡಿಸೋರಂತೆ, ರಾತ್ರಿ ಅದಕ್ಕೆ ಗಂಧಕದ ಹೊಗೆ ಕೊಟ್ಟು ಆಮೇಲೆ ಬಿಸಿಲಿಗಿಡೋದು. ಎಡಗೈ ಹೆಬ್ಬೆರಳ ಮೇಲೆ ಬಿಳೀ ಗೆರೆ ಥರ ಗಾಯದ ಕಲೆ, ಮಗಳು ಅದನ್ನ ಮುಟ್ಟಿ ಮುಟ್ಟಿ ನೋಡಿದ್ಳು.

ಓದು ಅಂದ್ರೆ ಎರಡೇ ವರ್ಷದ್ದು. ಪಕ್ಕದ ಕ್ಯುಪರ್ಟಿನೋದಲ್ಲಿ 1967ರಲ್ಲಿ ಡಿ ಆಂಜಾ ಕಾಲೇಜು ಶುರುವಾಯ್ತು, ಕಮ್ಯುನಿಟಿ ಕಾಲೇಜು, ಇವ್ರು ಮೊದಮೊದಲ ಬ್ಯಾಚು. 1984ರ ತನಕ ಕ್ಯಾಲಿಫೋರ್ನಿಯಾದಲ್ಲಿ ಈ ಕಾಲೇಜುಗಳಿಗೆ ಟ್ಯೂಷನ್ ಫೀಸೇ ಇರ್ಲಿಲ್ಲ ಕಣೋ, ಇದ್ದಿದ್ರೆ ನಾನು ಕ್ಯಾನರೀಲೇ ಉಳೀತಿದ್ದೆ ಅಂತಾರೆ. ಆ ಕ್ಯಾಂಪಸ್ಸಲ್ಲಿ ಒಂದು ಹಳೇ ಬಂಗ್ಲೆ ಇದೆ, 1972ರಲ್ಲಿ ರಾಷ್ಟ್ರೀಯ ಸ್ಮಾರಕಗಳ ಪಟ್ಟಿಗೆ ಸೇರ್ತು, ಈಗ ಅದ್ರೊಳಗೇ ಕ್ಯಾಲಿಫೋರ್ನಿಯಾ ಹಿಸ್ಟರಿ ಸೆಂಟರ್ ಇರೋದು. ಅಜ್ಜಿಗೆ ಹಿಸ್ಟರಿ ಹುಚ್ಚು ಹತ್ತಿದ್ದು ಆ ಕಾಲೇಜಲ್ಲೇ. ಆಮೇಲೆ ಯೂನಿವರ್ಸಿಟಿ ಕಡೆ ಹೋಗ್ಲಿಲ್ಲ, ಒಂದು ಸ್ಕೂಲ್ ಆಫೀಸಲ್ಲಿ ಕ್ಲರ್ಕ್ ಕೆಲಸ, ಸಂಜೆ ಹೊತ್ತು ಊರಿನ ಮುದುಕ್ರ ಮನೆಗೆ ಟೇಪ್ ರೆಕಾರ್ಡರ್ ತಗೊಂಡು ಹೋಗೋದು, ಅಷ್ಟೇ ಜೀವನ.

ಮ್ಯೂಸಿಯಂ ಇರೋ ಮನೆ ಅಸಲಿ ಅಲ್ಲ, ಗೊತ್ತಾ. ಮಾರ್ಟಿನ್ ಮರ್ಫಿ ಅಂತ ಐರ್ಲೆಂಡಿಂದ ಬಂದ ದೊಡ್ಡ ಜಮೀನ್ದಾರನ ಮನೆಯ ನಕಲು. ಅಸಲಿ ಮನೇನ 1961ರಲ್ಲಿ ಕೆಡವಿಬಿಟ್ರು, ಆಗ ಇವ್ರಿಗೆ 13 ವರ್ಷ, ಸೈಕಲ್ ನಿಲ್ಸಿ ನೋಡ್ತಾ ನಿಂತಿದ್ರಂತೆ. ಅದೇ ಊರಲ್ಲಿ ಅದೇ ಥರದ ಮನೆ ಮತ್ತೆ ಎದ್ದಿದ್ದು 2008ರಲ್ಲಿ. ಪಕ್ಕದಲ್ಲಿ 10 ಎಕರೆ ಏಪ್ರಿಕಾಟ್ ತೋಟಾನೂ ಉಳಿಸ್ಕೊಂಡಿದಾರೆ. ಕೋಟಿಗಟ್ಟಲೆ ಬಾಳೋ ಜಾಗ, ನಮ್ಮೂರಾಗಿದ್ರೆ ಇಷ್ಟೊತ್ತಿಗೆ ಲೇಔಟ್ ಆಗ್ತಿತ್ತು ಬಿಡು.

ಸಿವಿಕ್ ಸರ್ವಿಸ್, ಅಂದ್ರೆ ಊರಿನ ಸೇವೆ, ಅಂದ್ರೆ ನಾನು ಹಾರ ತುರಾಯಿ ಅಂದ್ಕೊಂಡಿದ್ದೆ. ಇವ್ರದು ಬರೀ ಕಾಗದ ಓದೋ ಕೆಲಸ. ಇಲ್ಲಿ ಬ್ರೌನ್ ಆಕ್ಟ್ ಅಂತ ಒಂದು ಕಾನೂನಿದೆ, ಸಿಟಿ ಕೌನ್ಸಿಲ್ ಮಾಮೂಲಿ ಮೀಟಿಂಗಿಗೆ 72 ಗಂಟೆ ಮುಂಚೆ ಅಜೆಂಡಾ ಎಲ್ಲರಿಗೂ ಕಾಣೋ ಹಾಗೆ ಹಾಕ್ಲೇಬೇಕು. ಅಜ್ಜಿ ಅದನ್ನ ಪ್ರಿಂಟ್ ಹಾಕ್ಸಿ ಕೆಂಪು ಪೆನ್ನಲ್ಲಿ ಗೀಟು ಹಾಕ್ಕೊಂಡು ಕೂರ್ತಾರೆ, ಯಾವ್ದಾದ್ರೂ ಹಳೇ ಮನೆ, ಹಳೇ ಮರಕ್ಕೆ ಕುತ್ತು ಬಂದಿದ್ರೆ ಹೋಗಿ ಮೈಕ್ ಮುಂದೆ ಎರಡು ಮೂರು ನಿಮಿಷ ಮಾತಾಡ್ತಾರೆ. ಎಷ್ಟೋ ಸಲ ಸೋತಿದಾರೆ. ಒಂದ್ಸಲ ನಾನೂ ಹೋಗಿದ್ದೆ, ಹಾಲಲ್ಲಿ ಜನ ಅಂತ ಇದ್ದಿದ್ದು ನಾವು ಒಂಬತ್ತು ಮಂದಿ, ಅಜ್ಜಿ ಮಾತ್ರ ಮನೇಲಿ ಗಡಿಯಾರ ಇಟ್ಕೊಂಡು ಪ್ರಾಕ್ಟೀಸ್ ಮಾಡಿ ಬಂದಿದ್ರು.

ಈಗ ನಿನ್ ವಿಷಯಕ್ಕೆ ಬರ್ತೀನಿ. ನಿಮ್ಮೂರಲ್ಲಿ ಹಳೇದೇನಿದೆ ಅಂತ ಕೇಳಿದ್ರು. ಕೆರೆ ಏರಿ ಮೇಲಿನ ವೀರಗಲ್ಲಿನ ಬಗ್ಗೆ ಹೇಳ್ದೆ, ಅದೇ ನಾವು ಬೆನ್ನು ಒರಗಿಸ್ಕೊಂಡು ಮಾವಿನಕಾಯಿ ತಿಂತಿದ್ವಲ್ಲ. ಯಾರು ಸತ್ತಿದ್ದು, ಯಾವ ಕಾಲದ್ದು ಅಂದ್ರು. ಬೆಬ್ಬೆಬ್ಬೆ ಅಂದೆ.

ರಸ್ತೆ ಅಗಲ ಮಾಡ್ತಾರೆ ಅಂದಿದ್ಯಲ್ಲ, ಅದಕ್ಕೆ ಮುಂಚೆ ಒಂದು ಶನಿವಾರ ಹುಡುಗ್ರನ್ನ ಕರ್ಕೊಂಡು ಹೋಗು ಮಾರಾಯ. ರೈಸ್ ಸಾಹೇಬ್ರು ಶಾಸನಗಳನ್ನೆಲ್ಲ ಸೇರ್ಸಿ ತಂದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಮ್ ತಾಲ್ಲೂಕಿನ ಸಂಪುಟ ಸಿಕ್ರೆ ಮೊದ್ಲು ತಿರುವಿಹಾಕು. ಅರಿಶಿನ ಕುಂಕುಮ ಮೆತ್ತಿರ್ತಾರೆ, ಬರೀ ನೀರಲ್ಲಿ ಒರೆಸಿ, ಉಜ್ಜಬೇಡಿ. ಬೆಳಿಗ್ಗೆ ಎಂಟರೊಳಗೆ ಫೋಟೋ ಹೊಡೀರಿ, ಓರೆ ಬಿಸಿಲಲ್ಲಿ ಅಕ್ಷರ ಎದ್ದು ಕಾಣತ್ತೆ. ಮುಂದಿನ ಸಲ ಸಿಕ್ಕಾಗ ಅಜ್ಜಿ ಕೇಳೇ ಕೇಳ್ತಾರೆ.

ನಿನ್ನ
ಹಿಂದಿನ ಬೆಂಚಿನವ್ನು