ಹದಿನೈದು ನಿಮಿಷ ಹಕ್ಕಿ ನೋಡಿ, ಬರೆದಿಡಿ

ಮಾನ್ಯರೇ,

ವಿಜ್ಞಾನ ಅಂದರೆ ಲ್ಯಾಬಿನೊಳಗಿನ ಕೆಲಸ ಎಂದೇ ನಮ್ಮಲ್ಲಿ ತುಂಬಾ ಜನ ತಿಳಿದಿದ್ದಾರೆ. ಆದರೆ ಹಕ್ಕಿ ನೋಡಿ ಬರೆದಿಡುವ ಸಾಮಾನ್ಯರೂ ಅದಕ್ಕೆ ನೆರವಾಗಬಹುದು. 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯನ್ನೇ ನೋಡಿ. ಸುಮಾರು 30 ಸಾವಿರ ಪಕ್ಷಿವೀಕ್ಷಕರು ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಹಾಕಿದ 3 ಕೋಟಿ ದಾಖಲೆಗಳೇ ಅದರ ಬುನಾದಿ. ನವಿಲು ಹೆಚ್ಚಾಗಿದೆ, ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ ಅಂತ ಗೊತ್ತಾಗಿದ್ದು ಹೀಗೆ.

ಅಪರೂಪದ ಹಕ್ಕಿ ಕಂಡರೆ ಮಾತ್ರ ಬರೆಯಬೇಕು ಅನ್ನೋದು ತಪ್ಪು. ಕಾಗೆ, ಮೈನಾ, ಗುಬ್ಬಿ ಎಲ್ಲವನ್ನೂ ಬರೆಯಬೇಕು, ಯಾಕೆಂದರೆ ಕಂಡದ್ದನ್ನೆಲ್ಲ ಬಿಡದೆ ಪಟ್ಟಿ ಮಾಡಿದಾಗಲೇ ಆ ಜಾಗದಲ್ಲಿ ಯಾವುದು ಕಾಣಲಿಲ್ಲ ಎಂಬುದೂ ವಿಜ್ಞಾನಿಗಳಿಗೆ ತಿಳಿಯುತ್ತದೆ, ಅದೇ ಹಕ್ಕಿ ವರ್ಷದಿಂದ ವರ್ಷಕ್ಕೆ ಎಷ್ಟು ಪಟ್ಟಿಗಳಲ್ಲಿ ಸಿಗುತ್ತಿದೆ ಎಂದು ಹೋಲಿಸಲು ಆಗುತ್ತದೆ. ಹೊಲ, ಕೆರೆ ಏರಿ, ಊರ ಮುಂದಿನ ಆಲದ ಮರ, ಎಲ್ಲಿಯದಾದರೂ ಸರಿ. ಹಳ್ಳಿಗಳಿಂದ ಇನ್ನೂ ಜಾಸ್ತಿ ಪಟ್ಟಿಗಳು ಬರಬೇಕು.

ಪ್ರತಿ ಫೆಬ್ರುವರಿಯಲ್ಲಿ 4 ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ. ಕನಿಷ್ಠ 15 ನಿಮಿಷ ನೋಡಿದರೆ ಸಾಕು, ಶುಲ್ಕವೂ ಇಲ್ಲ. ದಯವಿಟ್ಟು ಈ ದಿನಾಂಕಗಳನ್ನು ನಿಮ್ಮ ಪತ್ರಿಕೆಯಲ್ಲಿ ಮುಂಚೆಯೇ ಪ್ರಕಟಿಸಿ. ಶಾಲೆಗಳಿಗೆ ತಯಾರಾಗಲು ಸಮಯ ಸಿಗುತ್ತದೆ.

– ಒಬ್ಬ ಓದುಗ, ಮೈಸೂರು