ಗೆಳೆಯನಿಗೊಂದು ಪತ್ರ: ಗೋಡೆಯ ಮೇಲಿನ ‘ಅಂತೆ’

ಗೆಳೆಯಾ,

ಬರ್ಲಿನ್‌ಗೆ ಹೋದಾಗ ತುರ್ಕಿಯ ಕಲಾವಿದೆ ಐಶೆ ಎರ್ಕ್‌ಮೆನ್ ಅವರ ಯಾವ ಕೆಲಸ ನೋಡಲಿ, ಜನ ನೀರಿನ ಮೇಲೆ ನಡೆಯುತ್ತಿರುವ ಅವರ ಕೆಲಸದ ಫೋಟೊ ನಿಜವೇ ಅಂತ ಕೇಳಿದ್ದೀಯ. ಕ್ರಾಯ್ಟ್ಸ್‌ಬರ್ಗ್ ಬಡಾವಣೆಯ ಓರಾನಿಯನ್‌ಸ್ಟ್ರಾಸೆ ಬೀದಿಗೆ ಹೋಗು, 18ನೇ ನಂಬರಿನ ಮನೆ. ಅದರ ಮುಂಗೋಡೆಯ ಮೇಲೆ 1994ರಲ್ಲಿ ಕೂರಿಸಿದ ಕಪ್ಪು ಅಕ್ಷರಗಳಿವೆ: ಮಿಶಿಮ್, ಮಿಶ್‌ಸಿನ್, ಮಿಶ್... ಬರೀ ತುರ್ಕಿ ಕ್ರಿಯಾಪದದ ಬಾಲಗಳು, ಧಾತು ಎಲ್ಲೂ ಇಲ್ಲ. ಜರ್ಮನ್ನರಿಗೆ ಇದನ್ನು ಬಿಡಿಸಿ ಹೇಳಲು ಒಂದು ಪ್ಯಾರಾ ಬೇಕು. ನಮಗೆ ಒಂದೇ ಮಾತು ಸಾಕು, ‘ಅಂತೆ’. ತುರ್ಕಿಯಲ್ಲಿ ಗೆಲ್ದಿ ಅಂದರೆ ಬಂದ, ಗೆಲ್ಮಿಶ್ ಅಂದರೆ ಬಂದನಂತೆ. ಕಣ್ಣಾರೆ ಕಂಡದ್ದಲ್ಲ, ಕಿವಿಗೆ ಬಿದ್ದದ್ದು. ತುರ್ಕಿಯಿಂದ ದುಡಿಯಲು ಬಂದವರು ನೆಲೆಸಿದ ಪೇಟೆ ಅದು. ಯಾರು ಬಂದರಂತೆ, ಏನಾಯಿತಂತೆ ಅನ್ನುವುದನ್ನು ಓದುವವರೇ ತುಂಬಿಕೊಳ್ಳಬೇಕು. ಬೇರೆ ಊರಿನ ಗೋಡೆಗೆ ಒಯ್ದರೆ ಬರೀ ವ್ಯಾಕರಣ ಉಳಿಯುತ್ತದೆ.

ಇನ್ನು ನೀರಿನ ಮೇಲೆ ಜನ ನಡೆದ ಆ ಫೋಟೊ, ಅದು ನಿಜವಾದದ್ದೇ. 2017, ಜರ್ಮನಿಯ ಮ್ಯೂನ್‌ಸ್ಟರ್ ಊರಿನ ಒಳಬಂದರು, ಕೆಲಸದ ಹೆಸರು ‘ಆನ್ ವಾಟರ್’. ಉತ್ತರದ ದಡದಲ್ಲಿ ಹೋಟೆಲುಗಳು, ದಕ್ಷಿಣದಲ್ಲಿ ಕೈಗಾರಿಕೆಯ ಶೆಡ್ಡುಗಳು, ನಡುವೆ ಸೇತುವೆ ಇಲ್ಲ. ಹಡಗಿನ ಕಂಟೇನರುಗಳನ್ನು ಮುಳುಗಿಸಿ, ಮೇಲೆ ಉಕ್ಕಿನ ತೊಲೆ, ಅದರ ಮೇಲೆ ಉಕ್ಕಿನ ಜಾಲರಿ, ಅದೂ ನೀರಿನ ಮೇಲ್ಮೈಗಿಂತ ಕೊಂಚವೇ ಕೆಳಗೆ. ಉದ್ದ 64 ಮೀಟರ್, ಅಗಲ 6.4.

ಇಂಥ ಕೆಲಸ ಕೆಡುವುದು ಎಲ್ಲಿ ಗೊತ್ತಾ? ಖಾಲಿ ಇಪ್ಪತ್ತಡಿ ಕಂಟೇನರಿನ ತೂಕ ಎರಡು ಟನ್‌ಗಿಂತ ಸ್ವಲ್ಪ ಹೆಚ್ಚು, ಒಳಗಿನ ಜಾಗ ಸುಮಾರು 33 ಘನ ಮೀಟರ್. ಗಾಳಿ ಸಿಕ್ಕಿಕೊಂಡರೆ ಸೋರೆಬುರುಡೆಯ ಹಾಗೆ ತೇಲುತ್ತದೆ. ಒಳಗೆ ನೀರು ತುಂಬಲೇಬೇಕು. ಆಮೇಲೆ ಮಟ್ಟ. ಜಾಲರಿ ತೀರಾ ಕೆಳಗಿಳಿದರೆ ಅದು ಈಜು, ನೀರಿನಿಂದ ಮೇಲೆದ್ದರೆ ಮಾಮೂಲಿ ಸೇತುವೆ. ಆ ಬಂದರು ಕಾಲುವೆಗೆ ಸೇರಿದ್ದು, ಕಾಲುವೆಯ ನೀರನ್ನು ಲಾಕ್‌ಗೇಟುಗಳಿಂದ ಒಂದೇ ಮಟ್ಟದಲ್ಲಿ ಹಿಡಿದಿರುತ್ತಾರೆ. ಸಮುದ್ರದ ಬಂದರಾಗಿದ್ದರೆ ಇಳಿತ ಬಂದಾಗಲೆಲ್ಲ ಗುಟ್ಟು ಬಯಲಾಗುತ್ತಿತ್ತು! ಜಾಲರಿಯ ಬದಲು ಸಪಾಟು ತಗಡು ಹಾಸಿದ್ದರೆ ಪಾಚಿ ಕಟ್ಟಿ ಕಾಲು ಜಾರುತ್ತಿತ್ತು. ಅಂಚು ಮೀರಿದರೆ ಆಳ ನೀರು. ಅದಕ್ಕೇ ಜೀವರಕ್ಷಕರು ಕಾವಲಿದ್ದರು.

ಅದೇ ಊರಿನಲ್ಲಿ 1997ರಲ್ಲೂ ಎರ್ಕ್‌ಮೆನ್ ಒಂದು ಕೆಲಸ ಮಾಡಿದ್ದರು. ಕೆಥೆಡ್ರಲ್ ಕಟ್ಟಡಕ್ಕೆ ಏನೋ ಮಾಡಬೇಕೆಂದರೆ ಚರ್ಚಿನವರು ಒಪ್ಪಲಿಲ್ಲ. ಗೋಡೆ ಚರ್ಚಿನದು, ಆಕಾಶ ಅಲ್ಲವಲ್ಲ! ಮ್ಯೂಸಿಯಂ ಉಗ್ರಾಣದ ಹಳೆಯ ಕಲ್ಲಿನ ವಿಗ್ರಹಗಳನ್ನು ಹೆಲಿಕಾಪ್ಟರಿಗೆ ನೇತುಹಾಕಿ, ಕೆಥೆಡ್ರಲ್ ಸುತ್ತ ಹಾರಿಸಿ, ಮ್ಯೂಸಿಯಂ ಮಾಳಿಗೆಯ ಮೇಲೆ ಇಳಿಸಿದರು. ನನಗೆ ಎಲ್ಲಕ್ಕಿಂತ ಇಷ್ಟ ಇದೇ.

2011ರಲ್ಲಿ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಕಲಾಪ್ರದರ್ಶನಕ್ಕೆ ಅವರು ಮಾಡಿದ ‘ಪ್ಲಾನ್ ಬಿ’ ಬಗ್ಗೆ ನೀನು ಓದಿರಬಹುದು: ನೀರು ಶುದ್ಧಮಾಡುವ ಯಂತ್ರವನ್ನು ಬಿಡಿಬಿಡಿ ಮಾಡಿ ಕೋಣೆಯ ತುಂಬ ಹರಡಿ, ಬಣ್ಣಬಣ್ಣದ ಪೈಪುಗಳಿಂದ ಜೋಡಿಸಿ, ಕಾಲುವೆಯ ನೀರನ್ನು ಕುಡಿಯುವ ಹಾಗೆ ಮಾಡಿ, ತಿರುಗಿ ಅದೇ ಕಾಲುವೆಗೆ ಬಿಟ್ಟದ್ದು.

ಈ ಮೂರೂ ಈಗ ಇಲ್ಲ. ಹಾಗಾಗಿ ಬರ್ಲಿನ್ ಮನೆಯನ್ನು ತಪ್ಪಿಸಬೇಡ. ಬಾಗಿಲ ಹತ್ತಿರ ನಿಂತರೆ ಏನೂ ಓದಲಾಗದು, ಎದುರಿನ ಫುಟ್‌ಪಾತಿಗೆ ದಾಟಿ ತಲೆ ಎತ್ತು.

ಇಂತಿ,
ನಿನ್ನ ಗೆಳೆಯ